ಕೊನೆಯ ಮಡಿಗೆ ನೀರು ಹೋಯಿತೇ?

ಮೊನ್ನೆ ಸಂಜೆ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದವನ ಮೂಗಿನ ಮುಂದೆ ಫೋನು ಹಿಡಿದೆಯಲ್ಲ ಪುಟ್ಟಿ, ಆ ವಿಡಿಯೊ ನಾನು ಸರಿಯಾಗಿ ನೋಡಲಿಲ್ಲ ಅಂತ ನಿನಗೆ ಸಿಟ್ಟು. ನೋಡಿದೆ ಕಣಮ್ಮ. ಕಪ್ಪು ತೆರೆಯ ಮೇಲೆ ಹಸಿರು ಬೆಳಕು ಅವರೆ ಬಳ್ಳಿಯ ಹಾಗೆ ಹಬ್ಬಿಕೊಂಡು ಹೋಯಿತು. ಭುಜದೊಳಗೆ ಸಣ್ಣ ಕ್ಯಾಮೆರಾ ತೂರಿಸಿ, ರಕ್ತಕ್ಕೆ ಬಣ್ಣ ಬಿಟ್ಟು, ಹರಿದುಹೋದ ಸ್ನಾಯುರಜ್ಜುವಿಗೆ ರಕ್ತ ಬರುತ್ತಿದೆಯೋ ಇಲ್ಲವೋ ಎಂದು ಆಪರೇಷನ್ ಟೇಬಲ್ಲಿನ ಮೇಲೇ ನೋಡಿಬಿಡುವುದು. ಪರದೆಗಿಂತ ಹೆಚ್ಚಾಗಿ ನಿನ್ನ ಕಣ್ಣು ಹೊಳೆಯುತ್ತಿತ್ತು. "ತಾತ, ಇನ್ಮೇಲೆ ಊಹೆ ಮಾಡೋ ಕಾಲ ಹೋಯ್ತು. ಹೊಲಿಯೋಕೆ ಮುಂಚೆನೇ ಕೂಡುತ್ತೋ ಇಲ್ವೋ ಗೊತ್ತಾಗಿಬಿಡುತ್ತೆ" ಅಂದೆ. ನಾನು "ಹೂಂ" ಅಂದೆ. ಆ ಹೂಂ ನಿನಗೆ ರುಚಿಸಲಿಲ್ಲ. ಮುಖ ಊದಿಸಿಕೊಂಡು ಒಳಗೆ ಹೋದೆ.

ಆ ಹೂಂನ ಒಳಗೆ ಏನೇನಿತ್ತು ಅಂತ ಬಿಡಿಸಿ ಹೇಳುತ್ತೇನೆ, ಕೇಳು. ನಾನು ನಿನ್ನ ಹಾಗೆ ಮೂಳೆ ಡಾಕ್ಟರಲ್ಲ. ಮೂವತ್ತೈದು ವರ್ಷ ಅನೆಸ್ತೇಸಿಯಾ ಕೊಟ್ಟುಕೊಂಡು ಬದುಕಿದವನು. ಹಳ್ಳಿಯವರ ಬಾಯಲ್ಲಿ ಮಂಪರು ಡಾಕ್ಟ್ರು. ಆಪರೇಷನ್ ಕೋಣೆಯಲ್ಲಿ ಅಡ್ಡ ಕಟ್ಟಿದ ಪರದೆಯ ಆ ಕಡೆ ನಿಂತ ನಿಮಗೆ ಅಂಗೈ ಅಗಲದ ಜಾಗ ಕಾಣುತ್ತದೆ. ಈ ಕಡೆ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತ ನಮಗೆ ಮಲಗಿರುವ ಮನುಷ್ಯನೂ ಕಾಣುತ್ತಾನೆ, ನಿಂತಿರುವ ನೀವೂ ಕಾಣುತ್ತೀರಿ. ಎಷ್ಟು ಸರ್ಜನ್ನರ ಹುಬ್ಬು ಏರಿ ಇಳಿದದ್ದನ್ನು ನೋಡಿದ್ದೇನೆ ಅನ್ನುತ್ತೀಯ!

ಮೊದಲು ಬಣ್ಣದ ವಿಚಾರ. ಹೊಸದು ಹೊಸದು ಅಂತ ಕುಣಿದೆಯಲ್ಲ, ಆ ಇಂಡೊಸಯನಿನ್ ಗ್ರೀನ್ ನಿನ್ನ ಅಪ್ಪನಿಗಿಂತ ಹಿರಿಯದು. ಫೋಟೊ ಫಿಲ್ಮ್ ಮಾಡುತ್ತಿದ್ದ ಕೊಡಾಕ್ ಕಂಪನಿಯ ಪ್ರಯೋಗಾಲಯದಲ್ಲಿ 1955ರ ಸುಮಾರಿಗೆ ಹುಟ್ಟಿದ್ದು. ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ಎಂದು ಅಳೆಯಲು ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಅದನ್ನು ಎತ್ತಿಕೊಂಡರು. 1959ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಆಮೇಲೆ ಲಿವರ್ ಎಷ್ಟು ಚುರುಕಾಗಿದೆ ಎಂದು ನೋಡಲು, ಕಣ್ಣಿನ ಹಿಂಪದರದ ನಾಳಗಳನ್ನು ನೋಡಲು, ಕರುಳು ಜೋಡಿಸಿದ ಕಡೆ ರಕ್ತ ಹರಿಯುತ್ತಿದೆಯೇ ಎಂದು ನೋಡಲು, ಪ್ಲಾಸ್ಟಿಕ್ ಸರ್ಜನ್ನರು ಎತ್ತಿ ಕೂರಿಸಿದ ಚರ್ಮ ಬದುಕಿದೆಯೇ ಎಂದು ನೋಡಲು, ಹೀಗೆ ಮನೆಯಿಂದ ಮನೆಗೆ ಕೆಲಸಕ್ಕೆ ಹೋದ ಹೆಣ್ಣುಮಗಳ ಹಾಗೆ ಎಲ್ಲ ಕಡೆ ದುಡಿದಿದೆ. ಭುಜದ ಕೀಲಿನೊಳಗೆ ಕಾಲಿಟ್ಟದ್ದು ಈಚೆಗೆ. ಅಲ್ಲಿ ಇನ್ನೂ ಪರೀಕ್ಷೆಯ ಹಂತ, ದಿನನಿತ್ಯದ ಅಡುಗೆಯಾಗಿಲ್ಲ.

ಬಾಟ್ಲಿಯಲ್ಲಿ 25 ಮಿಲಿಗ್ರಾಂ ಪುಡಿ ಇರುತ್ತದೆ. ಜೊತೆಗೆ ಬರುವ ಶುದ್ಧ ನೀರಿನಲ್ಲೇ ಕರಗಿಸಬೇಕು, ಕೈಗೆ ಸಿಕ್ಕಿತು ಅಂತ ಸಲೈನ್ ಸುರಿಯಬಾರದು. ಕರಗಿಸಿದ್ದನ್ನು ಆರು ಗಂಟೆಯೊಳಗೆ ಮುಗಿಸಬೇಕು. ಅದರಲ್ಲಿ ಅಯೋಡಿನ್ ಅಂಶ ಇದೆ. ಹಿಂದೆ ಯಾವುದಕ್ಕಾದರೂ ಮೈಮೇಲೆ ಗಂಧೆ ಎದ್ದಿತ್ತಾ ಅಂತ ಕೇಳದೆ ಕೊಡಬೇಡ. ಆಪರೇಷನ್ ಆಗುವ ಕೈ ಬಿಟ್ಟು ಇನ್ನೊಂದು ಕೈಯ ನಾಳಕ್ಕೆ ಕೊಟ್ಟರೆ, ರಕ್ತದಲ್ಲಿರುವ ಆಲ್ಬುಮಿನ್ ಅದನ್ನು ಕಂಕುಳಲ್ಲಿ ಎತ್ತಿಕೊಂಡು ಓಡುತ್ತದೆ. ಆರೋಗ್ಯವಾಗಿರುವ ನಾಳ ಬಿಟ್ಟು ಹೊರಗೆ ಇಳಿಯಲು ಬಿಡುವುದಿಲ್ಲ. ಲಿವರ್ ಕೈಗೆ ಸಿಕ್ಕಿದ್ದನ್ನು ಪಿತ್ತಕ್ಕೆ ದಬ್ಬುತ್ತದೆ. ಮೂರು ನಾಲ್ಕು ನಿಮಿಷಕ್ಕೆ ಅರ್ಧ ಖಾಲಿ.

ಅದು ಹೋಗುವ ಹೊತ್ತಿಗೆ ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ ಒಂದು ಗಳಿಗೆ ಆಕ್ಸಿಜನ್ ಇಳಿಯಿತು ಅಂತ ಸುಳ್ಳು ಕೂಗು ಹಾಕಬಹುದು. ಆ ಯಂತ್ರವೂ ರಕ್ತದ ಬಣ್ಣ ನೋಡಿಯೇ ಲೆಕ್ಕ ಹೇಳುವುದು, ಹೊಸ ಬಣ್ಣ ಬಂದರೆ ತಬ್ಬಿಬ್ಬಾಗುತ್ತದೆ. ನಿನ್ನ ಅನೆಸ್ತೇಸಿಯಾ ಡಾಕ್ಟರಿಗೆ ಮೊದಲೇ ಹೇಳಿ ಬಿಡು. ಹೇಳದೆ ಬಿಟ್ಟರೆ ಆ ಪಾಪದವನ ಎದೆ ಒಡೆಯುತ್ತದೆ. ಹೇಳಿದ್ದರೂ ಅವನು ಎದೆಗೆ ಸ್ಟೆತ್ ಇಟ್ಟು ನೋಡಿಯೇ ನೋಡುತ್ತಾನೆ. ಅಲರ್ಜಿ ಆದಾಗಲೂ ಅದೇ ಅಂಕಿ ಇಳಿಯುವುದು ತಾನೇ?

ಇನ್ನೊಂದು ತಮಾಷೆ. ಈ ಬಣ್ಣ 800 ನ್ಯಾನೊಮೀಟರ್ ಹತ್ತಿರದ ಬೆಳಕು ಕುಡಿದು 830ರ ಹತ್ತಿರ ಉಗುಳುತ್ತದೆ. ಎರಡೂ ಮನುಷ್ಯನ ಕಣ್ಣಿಗೆ ಕಾಣದ ಬೆಳಕು. ಮತ್ತೆ ನೀನು ಬಾಯಿ ಬಿಟ್ಟುಕೊಂಡು ನೋಡಿದ ಹಸಿರು? ಅದು ಯಂತ್ರ ಬಳಿದದ್ದು. ನೀಲಿ ಬಳಿ ಅಂದರೆ ನೀಲಿ ಬಳಿಯುತ್ತದೆ. ಸಂತೆಯಲ್ಲಿ ಒಣ ಬಟಾಣಿಗೆ ಹಸಿರು ಹಾಕಿ ಮಾರುತ್ತಾರಲ್ಲ, ಅದು ನೆನಪಾಗಿ ನಾನು ಅವತ್ತು ಒಳಗೊಳಗೇ ನಕ್ಕಿದ್ದೆ. ಸುಳ್ಳು ಅನ್ನುತ್ತಿಲ್ಲ. ಬಟಾಣಿ ಬಟಾಣಿಯೇ. ಆದರೆ ಕ್ಯಾಮೆರಾ ಹತ್ತಿರ ಹೋದರೆ ಬೆಳಕು ಜಾಸ್ತಿ, ಓರೆ ಹಿಡಿದರೆ ಕಡಿಮೆ. ಪಕ್ಕದ ಕೊಬ್ಬು, ಪೊರೆ ಹೊಳೆದರೆ ರಜ್ಜು ಮಂಕಾಗಿ ಕಾಣುತ್ತದೆ. ಹೆಚ್ಚು ಹಸಿರು, ಕಡಿಮೆ ಹಸಿರು ಅನ್ನುವುದು ಹಿಡಿದವರ ಕೈಯಲ್ಲೂ ಇದೆ.

ಈಗ ನನ್ನ ಅಜ್ಜಿಯ ಊರಿನ ಸುದ್ದಿ. ಕೊರಟಗೆರೆ ಕಡೆ, ಜಯಮಂಗಲಿ ಹಳ್ಳದಿಂದ ಕೂಗಳತೆ. ಆ ಊರ ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು ಅವನ ಕೆಲಸ. ನನಗೆ ಏಳೋ ಎಂಟೋ ವಯಸ್ಸು, ಅವನ ಬಾಲವಾಗಿದ್ದೆ. ತೂಬು ಎತ್ತಿದ ಮೇಲೆ ಅವನು ದಡದ ಮೇಲೆ ಬೀಡಿ ಹಚ್ಚಿ ಕೂರುತ್ತಿರಲಿಲ್ಲ. ಸನಿಕೆ ಹೆಗಲಿಗೆ ಹಾಕಿಕೊಂಡು ನೀರಿನ ಜೊತೆ ನಡೆಯುತ್ತಿದ್ದ. ನೀರು ನಿಂತ ಕಡೆ ನಿಂತು, ಕಸ ತೆಗೆದು, ಕಳ್ಳಮಡಿ ಮುಚ್ಚಿ, ಮತ್ತೆ ನೀರಿನ ಜೊತೆ. ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಯ ಕೊನೆಯ ಮಡಿ ಒದ್ದೆಯಾದದ್ದನ್ನು ಬೆರಳು ಚುಚ್ಚಿ ನೋಡಿದ ಮೇಲೆಯೇ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದದ್ದು. ತೂಬಿನ ಬಾಯಲ್ಲಿ ನೀರು ಭೋರ್ಗರೆಯುವುದನ್ನು ನೋಡಿ ನಾನು ಚಪ್ಪಾಳೆ ತಟ್ಟಿದರೆ "ಇಲ್ಲಿ ಏನ್ ನೋಡ್ತೀಯಾ ಬುದ್ಧಿ, ಅಲ್ ನೋಡು" ಅಂತ ಕೊನೆಯ ಗದ್ದೆಯ ಕಡೆ ಗದ್ದ ಎತ್ತುತ್ತಿದ್ದ.

ಭುಜದಲ್ಲೂ ಒಂದು ಕಟ್ಟಕಡೆಯ ಗದ್ದೆ ಇದೆ. ನಾಲ್ಕು ಸ್ನಾಯುಗಳ ತುದಿ ಸೇರಿ ತೋಳಿನ ಮೂಳೆಯ ಗುಂಡು ತಲೆಗೆ ರುಮಾಲು ಸುತ್ತಿದ ಹಾಗೆ ಹಿಡಿದಿರುತ್ತವೆ. ಅವುಗಳಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಅದು ಮೂಳೆಗೆ ಕೂರುವ ಜಾಗಕ್ಕೆ ಸ್ವಲ್ಪ ಹಿಂದೆಯೇ ಬಹಳಷ್ಟು ಹರುಕು ಶುರುವಾಗುವುದು. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಎಂಬ ಸರ್ಜನ್ 1934ರಲ್ಲಿ ಭುಜದ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದು, ಆ ಜಾಗದ ಮೇಲೆ ಬೆರಳಿಟ್ಟು ತೋರಿಸಿದ. ಸ್ನಾಯುವಿನ ಕಡೆಯಿಂದ ಬರುವ ರಕ್ತನಾಳಗಳೂ ಮೂಳೆಯ ಕಡೆಯಿಂದ ಬರುವವೂ ಸಂಧಿಸುವ ಗಡಿ ಅದು. ನಮ್ಮ ಪಾವಗಡದ ಹಾಗೆ. ಕರ್ನಾಟಕದ್ದೇ ತಾಲ್ಲೂಕು, ಸುತ್ತ ಆಂಧ್ರ. ಈ ಕಡೆಯ ಸೌಕರ್ಯವೂ ತಡ, ಆ ಕಡೆಯದೂ ತಡ.

1970ರಲ್ಲಿ ರಾತ್‌ಬನ್ ಮತ್ತು ಮ್ಯಾಕ್‌ನ್ಯಾಬ್ ಎಂಬಿಬ್ಬರು ಇನ್ನೊಂದು ಸೂಕ್ಷ್ಮ ಹೇಳಿದರು. ಸತ್ತವರ ಭುಜದ ನಾಳಗಳಿಗೆ ದ್ರವ ತುಂಬಿಸಿ ನೋಡಿದರೆ, ತೋಳು ಮೈಗೆ ಒತ್ತಿಕೊಂಡು ಇಳಿಬಿದ್ದಿದ್ದಾಗ ಆ ಗಡಿಯ ನಾಳಗಳು ತುಂಬಲಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ರಜ್ಜು ಮೂಳೆಯ ಮೇಲೆ ಬಿಗಿದು ರಕ್ತವನ್ನು ಹಿಂಡಿ ಬಿಡುತ್ತಿತ್ತು. ತೋಳು ಅಗಲಿಸಿದರೆ ತುಂಬಿದವು. ಇದನ್ನು ಓದಿದ ಮೇಲೆ ನಿನ್ನ ವಿಡಿಯೊ ಮತ್ತೊಮ್ಮೆ ನೋಡು. ಹಸಿರು ಹಬ್ಬದೆ ಕತ್ತಲೆಯಾಗಿ ಉಳಿದ ಜಾಗ ಕಂಡಾಗ ತೋಳು ಎಲ್ಲಿತ್ತು? ಇಳಿಬಿದ್ದಿತ್ತೇ, ಎಳೆದು ಕಟ್ಟಿದ್ದರೇ? ನಿನಗೆ ನೆನಪಿಲ್ಲ. ನೀನು ಹಸಿರು ನೋಡುತ್ತಿದ್ದೆ.

ಇನ್ನು ನನ್ನ ಸ್ಟೂಲಿನ ಮೇಲಿನ ದೂರು. ಭುಜಕ್ಕೆ ತೊಡೆಗೆ ಕಟ್ಟಿದ ಹಾಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಲು ಆಗುವುದಿಲ್ಲ. ಒಂದು ಚೂರು ರಕ್ತ ಒಸರಿದರೂ ನಿಮ್ಮ ಕ್ಯಾಮೆರಾಕ್ಕೆ ಕೆಂಪು ಮಂಜು. ಕೂಡಲೇ ಆ ಕಡೆಯಿಂದ ರಾಗ: "ಸರ್, ಬೀಪಿ ಸ್ವಲ್ಪ ಇಳಿಸಿ." ಇಳಿಸುತ್ತೇವೆ. "ಸಿಸ್ಟರ್, ಪಂಪ್ ಪ್ರೆಷರ್ ಏರಿಸಿ." ಏರಿಸುತ್ತಾರೆ. ಸಲೈನ್ ಚೀಲಕ್ಕೆ ಮೊದಲೇ ಅಡ್ರಿನಲಿನ್ ಬೆರೆಸಿಯೂ ಆಗಿದೆ, ನಾಳಗಳು ಮುದುಡಿಕೊಳ್ಳಲಿ ಅಂತ. ಅಂದರೆ ಒಳಗಿನಿಂದ ತಳ್ಳುವ ಒತ್ತಡ ಇಳಿಸಿ, ಹೊರಗಿನಿಂದ ಅಮುಕುವ ಒತ್ತಡ ಏರಿಸಿ, ನಾಳದ ಬಾಯಿಯನ್ನೂ ಸಣ್ಣ ಮಾಡಿ, ಆಮೇಲೆ ಬಣ್ಣ ಬಿಟ್ಟು "ಅಯ್ಯೋ, ಈ ಟೆಂಡನ್ನಿಗೆ ರಕ್ತವೇ ಇಲ್ಲ" ಅನ್ನುವುದು! ತೂಬು ಅರ್ಧ ಮುಚ್ಚಿದವರೇ ಗದ್ದೆ ಒಣಗಿದೆ ಅಂತ ಪಂಚಾಯಿತಿ ಕರೆದ ಹಾಗಾಯಿತು.

ಬಣ್ಣ ಬಿಡುವುದಿದ್ದರೆ ಬಿಡು, ಬೇಡ ಅನ್ನುವುದಿಲ್ಲ. ಆದರೆ ಬಿಡುವ ಮೊದಲು ಪಂಪು ಇಳಿಸು. ಬೀಪಿ ಎಷ್ಟಿದೆ ಅಂತ ನನ್ನ ಜಾತಿಯವನನ್ನು ಕೇಳಿ ಬರೆದುಕೊ. ತೋಳು ಯಾವ ಭಂಗಿಯಲ್ಲಿತ್ತು ಬರೆದುಕೊ. ಚೀಲದಲ್ಲಿ ಅಡ್ರಿನಲಿನ್ ಇತ್ತೇ ಬರೆದುಕೊ. ಇಲ್ಲವಾದರೆ ಇವತ್ತಿನ ಹಸಿರಿಗೂ ನಾಳಿನ ಹಸಿರಿಗೂ ಹೋಲಿಕೆಯೇ ಇಲ್ಲ.

ಬೀಪಿ ಇಳಿಸಿ ಅನ್ನುವ ಮುನ್ನ ಇನ್ನೊಂದು ಮಾತು, ಇದರಲ್ಲಿ ತಮಾಷೆ ಇಲ್ಲ. ಸಮುದ್ರವನ್ನೇ ಕಾಣದ ರೈತನನ್ನು ನೀವು ಬೀಚ್ ಚೇರ್ ಅನ್ನುವ ಭಂಗಿಯಲ್ಲಿ ಕೂರಿಸುತ್ತೀರಿ. ತಲೆ ಮೇಲೆ, ಎದೆ ಕೆಳಗೆ. ಒಂದೊಂದು ಸೆಂಟಿಮೀಟರ್ ಮೇಲಕ್ಕೆ ಹೋದಂತೆ ರಕ್ತದ ಒತ್ತಡ ಮುಕ್ಕಾಲು ಮಿಲಿಮೀಟರಿನಷ್ಟು ಇಳಿಯುತ್ತದೆ. ತೋಳಿನ ಪಟ್ಟಿಯಲ್ಲಿ ಸರಾಸರಿ ಒತ್ತಡ 70 ತೋರಿಸಿದರೆ, 20 ಸೆಂಟಿಮೀಟರ್ ಮೇಲಿರುವ ಮಿದುಳಿಗೆ ಸಿಗುವುದು 55. ಭುಜದ ಅಂಗುಲ ಅಗಲದ ರಜ್ಜುವಿಗೆ ರಕ್ತ ಹೋಯಿತೋ ಇಲ್ಲವೋ ಅಂತ ನೀನು ಬಣ್ಣ ಬಿಟ್ಟು ನೋಡುತ್ತಿರುವಾಗ, ನಿನ್ನ ಅನೆಸ್ತೇಸಿಯಾ ಡಾಕ್ಟರ್ ಅದಕ್ಕೂ ಮೇಲಿನ ಗದ್ದೆಯ ಚಿಂತೆಯಲ್ಲಿರುತ್ತಾನೆ. ಅವನು "ಇನ್ನು ಇಳಿಸೋದಿಲ್ಲ" ಅಂದರೆ ಹುಬ್ಬು ಏರಿಸಬೇಡ.

ಸರಿ, ಎಲ್ಲ ಸರಿಯಾಗಿ ಮಾಡಿದೆ, ಆದರೂ ಕತ್ತಲೆ ಕಂಡಿತು ಅನ್ನು. ಕತ್ತರಿ ಎತ್ತಿ ಅಷ್ಟನ್ನೂ ಕತ್ತರಿಸುತ್ತೀಯೋ?

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ತಲಪರಿಗೆ ಅಂತ ಇದ್ದವು, ಈಗಲೂ ಅಲ್ಲೊಂದು ಇಲ್ಲೊಂದು ಉಸಿರು ಹಿಡಿದಿವೆ. ನೋಡಲು ಒಣ ಮರಳು. ಕೈಯಲ್ಲಿ ಬಗೆದರೆ ನೀರಿನ ಕಣ್ಣು ಒಸರುತ್ತಿತ್ತು. ಅದನ್ನು ಕಾಲುವೆಗೆ ತಿದ್ದಿ ಗದ್ದೆಗೆ ಹಾಯಿಸುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತಿದರೂ ಅದರ ಕೆಳಗೆ ಒಂದಿಷ್ಟು ಭತ್ತ ಹಸಿರಾಗಿರುತ್ತಿತ್ತು. ದಾರಿಹೋಕನಿಗೆ ಮರಳು ಮಾತ್ರ ಕಾಣುತ್ತಿತ್ತು. ಆಮೇಲೆ ಬೋರ್‌ವೆಲ್ ಬಂದವು, ಒಸರುವ ಕಣ್ಣುಗಳು ಒಂದೊಂದಾಗಿ ಮುಚ್ಚಿಕೊಂಡವು. ಅದು ಬೇರೆ ಕಥೆ, ಶುರು ಮಾಡಿದರೆ ನಿಮ್ಮ ಅಜ್ಜಿ ಊಟಕ್ಕೆ ಕೂಗಿದರೂ ನಿಲ್ಲುವುದಿಲ್ಲ.

ಹರಿದ ಭುಜದಲ್ಲೂ ಹೀಗೊಂದು ತಲಪರಿಗೆ ಇದೆ. ಹೊಲಿದು ಮೂರು ತಿಂಗಳಾದ ರಜ್ಜುಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದವರಿಗೆ ರಜ್ಜುವಿನ ಮೈಯಲ್ಲಿ ರಕ್ತದ ಓಡಾಟ ಅಷ್ಟಾಗಿ ಕಾಣಲಿಲ್ಲ. ಮೂಳೆಗೆ ಮೊಳೆ ಹೊಡೆದ ಜಾಗದಲ್ಲಿ, ಸುತ್ತಣ ಪೊರೆಯಲ್ಲಿ ಕಂಡಿತು. ಮೂಳೆಯ ಮಜ್ಜೆಯಿಂದ ರಕ್ತ ಒಸರಿ ಹೆಪ್ಪುಗಟ್ಟಿ, ಅದರ ಮೇಲೆ ಹೊಸ ನಾಳ ಹಬ್ಬುತ್ತವೆ. ಅದಕ್ಕೇ ಕೆಲವರು ರಜ್ಜು ಕೂರಿಸುವ ಜಾಗದ ಮೂಳೆಗೆ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಮರಳು ಬಗೆಯುವುದು ಅಂದರೆ ಇದೇ. ಹಾಗೆಯೇ, ಗಟ್ಟಿಯಾಗಲಿ ಅಂತ ಎರಡು ಸಾಲು ದಾರ ಹಾಕಿ ಜಗ್ಗಿ ಬಿಗಿದರೆ ಕೆಳಗಿನ ರಕ್ತದ ಓಟ ಕಡಿಮೆಯಾಗುವುದನ್ನೂ ಲೇಸರಿನಿಂದ ಅಳೆದು ನೋಡಿದ್ದಾರೆ. ನಿನ್ನ ಬಣ್ಣ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ ಅಂತ ನನ್ನ ಎಣಿಕೆ. ಗಂಟು ಹಾಕುವ ಮೊದಲು ಒಮ್ಮೆ, ಬಿಗಿದ ಮೇಲೆ ಒಮ್ಮೆ ನೋಡು. ಮೊದಲಿದ್ದ ಬೆಳಕು ಬಿಗಿದ ಮೇಲೆ ಆರಿದರೆ, ಒಂದು ಎಳೆ ಸಡಿಲ ಮಾಡಬಹುದೇ ಅಂತ ಯೋಚಿಸು. ಅದೇ ಭುಜ, ಅದೇ ದಿನ, ಅದೇ ಬೀಪಿ. ಆಗ ಹೋಲಿಕೆಗೆ ಅರ್ಥ ಬರುತ್ತದೆ. ನೋಡು, ನಿನ್ನ ಹಸಿರನ್ನು ನಾನು ಪೂರ್ತಿ ಅಲ್ಲಗಳೆಯಲಿಲ್ಲ.

ಆದರೆ ಬೆಳಗಿದ್ದೆಲ್ಲ ಕೂಡಿಕೊಳ್ಳುತ್ತದೆ ಅಂತ ಮಾತ್ರ ನಂಬಬೇಡ. ಅಮೆರಿಕದಲ್ಲಿ ಒಳ್ಳೆಯ ಪಳಗಿದ ಕೈಗಳು ದೊಡ್ಡ ದೊಡ್ಡ ಹರುಕುಗಳನ್ನು ಹೊಲಿದು 2004ರಲ್ಲಿ ಲೆಕ್ಕ ಒಪ್ಪಿಸಿದವು: 18 ಭುಜಗಳಲ್ಲಿ 17 ಮತ್ತೆ ಬಿಟ್ಟಿದ್ದವು. ಬೆಚ್ಚಿ ಬೀಳಬೇಡ, ಮುಂದೆ ಓದು. ಬಿಟ್ಟುಕೊಂಡರೂ ಮೊದಲ ವರ್ಷ ಅವರಲ್ಲಿ ಹೆಚ್ಚಿನವರಿಗೆ ನೋವು ತಗ್ಗಿತ್ತು, ಕೈ ಆಡುತ್ತಿತ್ತು. ಇನ್ನೊಂದು ಲೆಕ್ಕ 1995ರದು. ಭುಜದ ನೋವೇ ಇಲ್ಲದ 96 ಮಂದಿಗೆ ಎಂಆರ್‌ಐ ಮಾಡಿದರು. ಅವರಲ್ಲಿ 60 ದಾಟಿದವರ ಪೈಕಿ ನೂರಕ್ಕೆ 54 ಜನರ ರಜ್ಜುವಿನಲ್ಲಿ ಹರುಕು ಇತ್ತು. ನನ್ನದೂ ಹರಿದಿರಬಹುದು. ನಿನ್ನೆ ತಾನೇ ಅಟ್ಟದ ಮೇಲಿನ ಡಬ್ಬ ಇಳಿಸಿದೆ. ಸ್ಕ್ಯಾನ್ ಮಾಡಿಸಿ ಬಾ ಅಂತ ಮಾತ್ರ ನೀನು ನನ್ನನ್ನು ಕರೆಯಬೇಡ.

ಹಾಗಾದರೆ ಯಾರಿಗೆ ಹೊಲಿಯಬೇಕು, ಯಾರಿಗೆ ಬೇಡ? ಅದಕ್ಕೆ ನಿನ್ನ ಮೇಷ್ಟರಿದ್ದಾರೆ, ಪುಸ್ತಕಗಳಿವೆ. ನಾನು ಹೇಳುವುದು ಕೇಳುವ ರೀತಿಯನ್ನು. "ನೋವು ಹತ್ತಕ್ಕೆ ಎಷ್ಟು?" ಅಂತ ಕೇಳುತ್ತೀರಲ್ಲ, ನಮ್ಮ ಹೆಂಗಸರು ಏನು ಹೇಳಬೇಕು ಅದಕ್ಕೆ? ಒಬ್ಬಾಕೆ "ಹತ್ತಕ್ಕೂ ಐತೆ ಕಣಪ್ಪ, ಹನ್ನೊಂದಕ್ಕೂ ಐತೆ" ಅಂತ ಗಡಿಯಾರದ ಹೊತ್ತು ಹೇಳಿದ್ದಳು. ಜಡೆ ಹಾಕಿಕೊಳ್ಳುತ್ತೀಯಾ ತಾಯಿ ಅಂತ ಕೇಳು. ಮುದ್ದೆ ತೊಳಸುವುದು ಯಾರು, ನೀನೋ ಸೊಸೆಯೋ ಅಂತ ಕೇಳು. ಬಸ್ಸಿನ ಕಂಬಿ ಹಿಡಿಯಲು ಆಗುತ್ತದಾ, ಆ ಮಗ್ಗುಲಿಗೆ ಮಲಗಲು ಆಗುತ್ತದಾ ಅಂತ ಕೇಳು. ಗಂಡಸಾದರೆ, ಅಂಗಿ ತೊಡುವಾಗ ಮೊದಲು ಯಾವ ಕೈ ತೂರಿಸುತ್ತಾನೆ ಅಂತ ಸುಮ್ಮನೆ ನೋಡು. ನೋಯುವ ಕೈ ಮೊದಲು ಹೋಗುತ್ತದೆ. ಬಣ್ಣ ಬೇಡ, ಕ್ಯಾಮೆರಾ ಬೇಡ, ಬಿಲ್ಲೂ ಬರುವುದಿಲ್ಲ.

ನಾನು ಕೇಳದೆ ಕೆಟ್ಟ ಕಥೆ ಒಂದು ಇದೆ. ಕೆಲಸಕ್ಕೆ ಸೇರಿದ ಹೊಸತು. ಆಗ ತೂತಿನ ಆಪರೇಷನ್ ಎಲ್ಲಿ ಬರಬೇಕು, ಭುಜ ತೆರೆದೇ ಹೊಲಿಯುವುದು. ಹುಣಸೆ ಮರ ಗುತ್ತಿಗೆ ಹಿಡಿದು ಬಡಿಯುವ ಒಬ್ಬ ಬಂದ. ನಲವತ್ತೈದು ವಯಸ್ಸು, ಕಲ್ಲು ಮೈ. ಕೊಂಬೆ ಮುರಿದು ಬಿದ್ದು ರಜ್ಜು ಹರಿದಿತ್ತು. ಸರ್ಜನ್ ಚಿತ್ತಾರದ ಹಾಗೆ ಹೊಲಿದ. ರಕ್ತ ಚಿಮ್ಮುತ್ತಿದ್ದ ಒಳ್ಳೆ ಜೀವಂತ ರಜ್ಜು, ನಾನೇ ಕಣ್ಣಾರೆ ನೋಡಿದೆ. ಆವತ್ತು ನಿನ್ನ ಬಣ್ಣ ಇದ್ದಿದ್ದರೆ ತೆರೆ ತುಂಬ ದೀಪಾವಳಿ. ಆರು ವಾರ ಜೋಳಿಗೆ, ಮೂರು ತಿಂಗಳು ಭಾರ ಬೇಡ ಅಂತ ಹೇಳಿ ಕಳಿಸಿದರು. ಅದು ಡಿಸೆಂಬರ್. ಜನವರಿ ಕಳೆದರೆ ಹುಣಸೆ ಸುಗ್ಗಿ. ಗುತ್ತಿಗೆಗೆ ಸಾಲ ಮಾಡಿ ಮುಂಗಡ ಕೊಟ್ಟಿದ್ದ. ನಾವು ಯಾರೂ ಕೇಳಲಿಲ್ಲ, ಅವನು ಹೇಳಲಿಲ್ಲ. ಏಳನೇ ವಾರಕ್ಕೆ ಗಳ ಹಿಡಿದು ಮರದ ಕೆಳಗೆ ನಿಂತಿದ್ದ. ಏಪ್ರಿಲ್‌ನಲ್ಲಿ ಬಂದಾಗ ಕೈ ಹೆಗಲಿನಿಂದ ಚೀಲ ನೇತುಬಿದ್ದ ಹಾಗೆ ಇತ್ತು. "ಬೈಬ್ಯಾಡಿ ಸಾಮಿ, ಮರ ಕಾಯಾಕಿಲ್ಲ" ಅಂದ. ಅವನ ನಾಡಿ ಹಿಡಿದು ಒಂದೂವರೆ ಗಂಟೆ ತಲೆಯ ಹತ್ತಿರ ಕೂತಿದ್ದವನು ನಾನು. ಬಿದ್ದದ್ದು ಯಾವ ಮರದಿಂದ ಅಂತ ಕೇಳಿದ್ದೆ. ಮತ್ತೆ ಯಾವಾಗ ಹತ್ತಬೇಕು ಅಂತ ಕೇಳಬೇಕು ಎಂದು ಹೊಳೆಯಲೇ ಇಲ್ಲ. ಸುಗ್ಗಿ ಮುಗಿಸಿಕೊಂಡು ಬಾ ಅಂದಿದ್ದರೂ ಆಗುತ್ತಿತ್ತೇನೋ. ಅವನ ಮನೆಯವರನ್ನು ಕರೆದು ಮಾತಾಡಿದ್ದರೆ ಇನ್ನೇನಾದರೂ ದಾರಿ ಸಿಗುತ್ತಿತ್ತೇನೋ. ಹುಣಸೆಹಣ್ಣಿನ ವಾಸನೆ ಬಂದರೆ ಈಗಲೂ ನಾನು ಮುಖ ತಿರುಗಿಸುವುದನ್ನು ನೋಡಿ ನಿಮ್ಮ ಅಜ್ಜಿ ಸಾರಿಗೆ ಹುಳಿ ಜಾಸ್ತಿಯಾಯಿತೇ ಅನ್ನುತ್ತಾಳೆ.

ಇನ್ನೊಬ್ಬಾಕೆ ಪಾವಗಡದ ಕಡೆಯವಳು. "ಚೆಯ್ಯಿ ಲೇವಟ್ಲೇದು ಸಾಮಿ" ಅಂತ ಬಂದಳು. ಕೈ ಎತ್ತಲು ಆಗುವುದಿಲ್ಲ. ರಜ್ಜು ಹರಿದಿದೆ ಅಂತ ಒಬ್ಬ ಚುರುಕು ಹುಡುಗ ಆಪರೇಷನ್ ಪಟ್ಟಿಗೆ ಹಾಕಿದ್ದ. ಮಂಪರು ಕೊಡುವ ಮುಂಚೆ ಕತ್ತು ತಿರುಗಿಸಲು ಹೇಳಿದೆ. ಕತ್ತಿನ ಜೊತೆ ಇಡೀ ಮೈ ತಿರುಗಿತು. ನಗು ಅಂದೆ, ಹಲ್ಲಿನ ಮೇಲೆ ಕಂದು ಗೆರೆ. ಊರ ಬೋರ್‌ವೆಲ್ ನೀರು ಎಷ್ಟು ವರ್ಷದಿಂದ? "ಹುಟ್ಟಿದಾಗಿಂದ." ಮುಂಗೈ ಎಕ್ಸ್‌ರೇ ತೆಗೆಸಿದರೆ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿತ್ತು. ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಅನ್ನುವುದು ಮಿತಿ. ಪಾವಗಡದ ಆಳದ ಬೋರ್‌ವೆಲ್‌ಗಳು ಅದನ್ನು ಎಂದೋ ಮೀರಿವೆ. ಕತ್ತು ಹಿಂದಕ್ಕೆ ಬಾಗದವಳಿಗೆ ಉಸಿರಿನ ಕೊಳವೆ ಹಾಕಲು ನಾನು ಪಟ್ಟುಹಿಡಿದಿದ್ದರೆ ಏನಾಗುತ್ತಿತ್ತೋ. ಆಪರೇಷನ್ ಬಿಟ್ಟು ವಾಪಸ್ ಕಳಿಸಿದೆವು. ನಿನ್ನ ಕ್ಯಾಮೆರಾ ಆಕೆಯ ಭುಜದೊಳಗೆ ಹೋಗಿದ್ದರೂ ಕುಡಿಯುವ ನೀರು ಅದಕ್ಕೆ ಕಾಣುತ್ತಿರಲಿಲ್ಲ. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿವೆ, ಆದರೂ ಆ ಕಡೆಯ ಮುದುಕರು ಬಂದರೆ ಮೊದಲು ಹಲ್ಲು ನೋಡು, ಆಮೇಲೆ ಭುಜ.

ಶುಗರ್ ಇದ್ದವರಲ್ಲಿ ಕೆಲವರ ಭುಜ ತಾನಾಗಿಯೇ ಹಿಡಿದುಕೊಂಡು ಬಿಡುತ್ತದೆ, ಅದಕ್ಕೆ ದಾರ ಬೇಡ, ತಾಳ್ಮೆ ಬೇಕು. ಬೀಡಿ ಸೇದುವವರ ಸಣ್ಣ ನಾಳಗಳು ಮೊದಲೇ ಮುದುಡಿರುತ್ತವೆ. ಶಿರಾ ಕಡೆಯ ಕುರಿ ಕಾಯುವ ಒಬ್ಬ, ಬೀಡಿ ಬಿಡು ಅಂದರೆ "ಕುರಿ ಬಿಡ್ತೀನಿ ಬೇಕಾದ್ರೆ" ಅಂದಿದ್ದ. ಅವನೊಂದಿಗೆ ಅರ್ಧ ಗಂಟೆ ಹರಟಿ ದಿನಕ್ಕೆ ಎರಡು ಕಟ್ಟನ್ನು ನಾಲ್ಕು ಬೀಡಿಗೆ ಇಳಿಸಿದ ಸಿಸ್ಟರ್ ಒಬ್ಬರು ಆ ರಜ್ಜುವಿಗೆ ಹರಿಸಿದ ರಕ್ತ, ಆಪರೇಷನ್ ಕೋಣೆಯಲ್ಲಿದ್ದ ನಾವೆಲ್ಲ ಸೇರಿ ಹರಿಸಿದ್ದಕ್ಕಿಂತ ಹೆಚ್ಚು.

ಕಾಡ್‌ಮನ್ ಹೆಸರು ಹೇಳಿದೆನಲ್ಲ, ಅವನ ಇನ್ನೊಂದು ಹುಚ್ಚು ನಿನ್ನ ಮೇಷ್ಟರು ಹೇಳಿರಲಿಕ್ಕಿಲ್ಲ. ಆಪರೇಷನ್ ಮಾಡಿದ ಪ್ರತಿಯೊಬ್ಬನಿಗೂ ಒಂದು ಚೀಟಿ ಬರೆದಿಟ್ಟು, ವರ್ಷ ಕಳೆದ ಮೇಲೆ ಹುಡುಕಿಕೊಂಡು ಹೋಗಿ "ಕೊನೆಗೆ ಏನಾಯಿತು?" ಅಂತ ಕೇಳಿ ಬರೆಯುವುದು. ತಪ್ಪಾಗಿದ್ದರೆ ತಪ್ಪು ಅಂತಲೇ ಬರೆಯುವುದು. ಎಲ್ಲ ಆಸ್ಪತ್ರೆಗಳೂ ಹೀಗೆ ಮಾಡಬೇಕು ಅಂತ ಹಟ ಹಿಡಿದ. 1915ರಲ್ಲಿ ಬಾಸ್ಟನ್ನಿನ ಒಂದು ಸಭೆಯಲ್ಲಿ, ಮರಳಿನಲ್ಲಿ ತಲೆ ಹುಗಿದುಕೊಂಡು ಚಿನ್ನದ ಮೊಟ್ಟೆ ಇಡುವ ಉಷ್ಟ್ರಪಕ್ಷಿಯ ವ್ಯಂಗ್ಯಚಿತ್ರ ತೋರಿಸಿ ಊರ ದೊಡ್ಡವರನ್ನೆಲ್ಲ ಎದುರು ಹಾಕಿಕೊಂಡ. ಸ್ನೇಹಿತರು ದೂರವಾದರು, ಪ್ರಾಕ್ಟೀಸು ಬಡವಾಯಿತು. 1940ರಲ್ಲಿ ಸತ್ತಾಗ ಗೋರಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ಹಾಕಿಸಿದ್ದು 2014ರಲ್ಲಿ, ಮೂಳೆ ಡಾಕ್ಟರುಗಳೇ ಸೇರಿ. ಭುಜದ ಕಟ್ಟಕಡೆಯ ಗದ್ದೆಯನ್ನು ತೋರಿಸಿದವನೂ, ರೋಗಿಯ ಕಟ್ಟಕಡೆಯ ಸುದ್ದಿ ಕೇಳು ಅಂದವನೂ ಒಬ್ಬನೇ ಅನ್ನುವುದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ನಮ್ಮ ನೀರುಗಂಟಿ ಅವನನ್ನು ಕಂಡಿದ್ದರೆ ಬೀಡಿ ಹಂಚಿಕೊಳ್ಳುತ್ತಿದ್ದ.

ಈಗ ನಿನ್ನ ವಿಚಾರಕ್ಕೆ ಬರೋಣ. ಹೋದ ವರ್ಷ ನಿನ್ನ ಸರ್ ಪಕ್ಕದಲ್ಲಿ ನಿಂತು ಮೊದಲ ಸಲ ನೀನೇ ಗಂಟು ಹಾಕಿದ ಭುಜ ಇದೆಯಲ್ಲ, ಪಾವಗಡ ತಾಲ್ಲೂಕಿನ ಕಡಲೆಕಾಯಿ ರೈತ. ಅವತ್ತು ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ ನಮ್ಮಿಬ್ಬರನ್ನೂ ಎಬ್ಬಿಸಿ ಸುದ್ದಿ ಹೇಳಿದೆ. ನಿಮ್ಮ ಅಜ್ಜಿ ಮಾರನೆಯ ದಿನ ಪಾಯಸ ಮಾಡಿದಳು. ಮೊನ್ನೆ ಅವನು ಹೇಗಿದ್ದಾನೆ ಅಂತ ಕೇಳಿದರೆ "ಎರಡು ಸಲ ಬಂದ, ಆಮೇಲೆ ಫಾಲೋಅಪ್‌ಗೆ ಬರಲಿಲ್ಲ ತಾತ. ಬಂದಿಲ್ಲ ಅಂದ್ರೆ ಚೆನ್ನಾಗಿದಾನೆ ಅಂತಾನೇ ಅರ್ಥ" ಅಂದೆ. ಇರಬಹುದು. ಬಸ್ಸಿನ ಕಂಬಿ ಹಿಡಿಯಲು ಆಗದೆ ಬಾರದಿರಬಹುದು. ದಿನಗೂಲಿ ಕಳೆದುಕೊಂಡು ನೂರು ಕಿಲೋಮೀಟರ್ ಬಂದು ಐದು ನಿಮಿಷ ಕೈ ಎತ್ತಿಸಿಕೊಂಡು ಹೋಗುವುದು ಯಾಕೆ ಅಂತ ಬಾರದಿರಬಹುದು.

ಅವನ ಊರಿನ ಹೆಸರು ನಿನ್ನ ಡೈರಿಯಲ್ಲಿ ಇದೆ, ನಾನು ಕದ್ದು ನೋಡಿದೆ. ಫೋನು ಮಾಡಿ, ಬರಬಹುದಾ ಅಂತ ಕೇಳು. ಹೂಂ ಅಂದರೆ ಭಾನುವಾರ ಹೊರಡೋಣ. ಮಧುಗಿರಿಯಿಂದ ಬೆಳಿಗ್ಗೆಯೇ ಬಸ್ಸು. ಕಿಟಕಿ ಪಕ್ಕದ ಸೀಟು ನನಗೆ, ಈಗಲೇ ಹೇಳಿದ್ದೇನೆ. ಬುತ್ತಿಗೆ ಚಿತ್ರಾನ್ನ ಮಾಡಲು ಅಜ್ಜಿಗೆ ಹೇಳು. ನಿಂಬೆಹಣ್ಣಿನದು, ಹುಣಸೆ ಬೇಡ.